ಮದ್ದೂರು ಸೀಮೆಯ ರೈಸ್‌ಮಿಲ್ಲಿಗೆ ಹೊರದೇಶದ ಸಾಲ: ಒಂದು ಪ್ರಕರಣ ಅಧ್ಯಯನ

ಒಂದೇ ಮಿಲ್ಲಿನಿಂದ ಒಂದೇ ಬ್ಯಾಂಕ್ ಶಾಖೆಗೆ ಎರಡು ಅರ್ಜಿ ಹೋದವು. ಒಂದು 100 ಕಿಲೋವ್ಯಾಟ್ ಸೌರ ಫಲಕಕ್ಕೆ, ಖರ್ಚು 45 ಲಕ್ಷ. ಇನ್ನೊಂದು ಒಳಗಿನ ಮೋಟಾರು, ಬ್ಲೋವರ್, ಕಂಪ್ರೆಸರ್ ಸರಿಮಾಡಿ ಕರೆಂಟು ಉಳಿಸಲು, ಖರ್ಚು 16 ಲಕ್ಷ. ದೊಡ್ಡ ಅರ್ಜಿ ಸಲೀಸಾಗಿ ದಾಟಿತು. ಚಿಕ್ಕದು ಮೇಜಿನಿಂದ ಮೇಜಿಗೆ ಅಲೆಯಿತು. ಕಟ್ಟೆಯಲ್ಲಿ, ಅಂದರೆ ಕೃಷ್ಣರಾಜಸಾಗರದಲ್ಲಿ, ನೀರಿಲ್ಲದ ವರ್ಷ ಬಂದಾಗ ಕಂತು ಕಟ್ಟಲು ಮಿಲ್ಲಿನ ಕೈಹಿಡಿಯುವುದು ಆ ಚಿಕ್ಕದೇ ಎಂದು ಲೆಕ್ಕ ಹೇಳುತ್ತದೆ. ಏಕೆ ಹೀಗೆ ಎಂಬುದೇ ಈ ಪ್ರಕರಣದ ವಿಷಯ.

ಮೊದಲೇ ಒಂದು ಮಾತು. ಈ ಮಿಲ್ಲು ಯಾರೊಬ್ಬರದೂ ಅಲ್ಲ. ಮದ್ದೂರು, ಮಂಡ್ಯ, ಪಾಂಡವಪುರದ ಕಡೆ ಕಾಣುವ ಮಧ್ಯಮ ಗಾತ್ರದ ಮಿಲ್ಲುಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಮಾದರಿ. ಮಿಲ್ಲಿನ ಅಂಕಿ, ದರ, ಬಡ್ಡಿ ಎಲ್ಲ ಲೆಕ್ಕಕ್ಕೆಂದು ಹಿಡಿದವು. ಹಣ ಬರುವ ದಾರಿಗಳು, ಯಂತ್ರಗಳ ಸ್ವಭಾವ, ಎಡವುವ ಜಾಗಗಳು ಮಾತ್ರ ನಿಜವಾದವು.

ಮಿಲ್ಲು ಮತ್ತು ಅದರ ಕರೆಂಟು

ಗಂಟೆಗೆ 4 ಟನ್ ಭತ್ತ, ದಿನಕ್ಕೆ 10 ಗಂಟೆ, ಒಳ್ಳೆಯ ವರ್ಷದಲ್ಲಿ 240 ದಿನ. ಅಂದರೆ ವರ್ಷಕ್ಕೆ 9,600 ಟನ್. ಕುದಿಸದೆ ಮಾಡುವ ಅಕ್ಕಿ, ಹಾಗಾಗಿ ಬಾಯ್ಲರ್ ಇಲ್ಲ. ಕ್ಲೀನರ್, ಕಲ್ಲು ತೆಗೆಯುವ ಯಂತ್ರ, ಹೊಟ್ಟು ಬಿಡಿಸುವ ರಬ್ಬರ್ ರೋಲ್ ಶೆಲ್ಲರ್, ಸೆಪರೇಟರ್, ಎರಡು ಪಾಲಿಶರ್, ಗ್ರೇಡರ್, ಕೊನೆಗೆ ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯಿಂದ ಹೊರಹಾಕುವ ಸಾರ್ಟೆಕ್ಸ್. ಇವುಗಳ ನಡುವೆ ಕಾಳು ಮೇಲೆತ್ತುವ ಏಳೆಂಟು ಎಲಿವೇಟರ್. ಟನ್ ಭತ್ತಕ್ಕೆ 40 ಯೂನಿಟ್ ಹೋಗುತ್ತಿತ್ತು. ಓಡುವಾಗ ಸರಾಸರಿ 160 ಕಿಲೋವ್ಯಾಟ್. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.82 ಇದ್ದದ್ದರಿಂದ ಮೀಟರಿನಲ್ಲಿ ಒಟ್ಟು ಎಳೆತ 195 ಕೆವಿಎ ಎಂದು ದಾಖಲಾಗುತ್ತಿತ್ತು. ವಿದ್ಯುತ್ ಕೊಡುವ ಕಂಪನಿ ಸೆಸ್ಕ್ ಜೊತೆಗಿನ ಒಪ್ಪಂದ 200 ಕೆವಿಎ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷದ 3,84,000 ಯೂನಿಟ್ಟಿಗೆ ಸುಮಾರು 26.9 ಲಕ್ಷ ರೂಪಾಯಿ. ಕೆವಿಎ ಲೆಕ್ಕದ ಬೇಡಿಕೆ ಶುಲ್ಕ, ತೆರಿಗೆ, ಪವರ್ ಫ್ಯಾಕ್ಟರ್ ದಂಡ ಇದರ ಮೇಲೆ.

ಏಳು ದಿನ ಕರೆಂಟು ದಾಖಲಿಸುವ ಲಾಗರ್ ಕಟ್ಟಿ ಅಳೆದಾಗ ಸೋರಿಕೆ ಎಲ್ಲೆಲ್ಲಿದೆ ಎಂದು ಗೊತ್ತಾಯಿತು. ತೌಡು ಎಳೆಯುವ 20 ಮತ್ತು 15 ಎಚ್‌ಪಿ ಬ್ಲೋವರುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು, ಗಾಳಿ ಹೆಚ್ಚಾಯಿತೆಂದು ಕೊಳವೆಯ ಬಾಗಿಲು, ಅಂದರೆ ಡ್ಯಾಂಪರ್, ಅರ್ಧ ಮುಚ್ಚಿದ್ದರು. ಇದು ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಿಡಿದಂತೆ. ಫ್ಯಾನಿನ ವೇಗ ಶೇ. 20 ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ, ಏಕೆಂದರೆ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೋಟಾರಿನ ವೇಗ ಬೇಕಾದಷ್ಟಕ್ಕೆ ಇಳಿಸುವ ವಿಎಫ್‌ಡಿ ಹಾಕಿ, ಡ್ಯಾಂಪರ್ ಪೂರ್ತಿ ತೆರೆದರೆ ಎರಡೂ ಸೇರಿ 10 ಕಿಲೋವ್ಯಾಟ್ ಉಳಿತಾಯ.

ಸಾರ್ಟೆಕ್ಸಿಗೆ ಗಾಳಿ ಕೊಡುವ 30 ಎಚ್‌ಪಿ ಕಂಪ್ರೆಸರ್ ಇನ್ನೊಂದು. ಇದರ ಸೋರಿಕೆ ಕಂಡುಹಿಡಿಯಲು ಗಡಿಯಾರವೊಂದಿದ್ದರೆ ಸಾಕು. ಮಿಲ್ಲು ನಿಂತ ಮೇಲೆ, ಎಲ್ಲೂ ಗಾಳಿ ಬಳಸದಿರುವಾಗ, ಕಂಪ್ರೆಸರ್ ಒಂದನ್ನೇ ಓಡಿಸಬೇಕು. ಅದು ಲೋಡ್ ಆಗಿ ಎಷ್ಟು ಸೆಕೆಂಡು, ಅನ್‌ಲೋಡ್ ಆಗಿ ಎಷ್ಟು ಸೆಕೆಂಡು ಎಂದು ಹತ್ತು ಸಲ ಬರೆದುಕೊಳ್ಳಬೇಕು. ಇಲ್ಲಿ ಸರಾಸರಿ ಬಂದದ್ದು 40 ಮತ್ತು 80. ಒಟ್ಟು 120 ಸೆಕೆಂಡಿನಲ್ಲಿ 40 ಸೆಕೆಂಡು ಬರೀ ತೂತಿಗೆ ದುಡಿಮೆ. ಮೂರರಲ್ಲೊಂದು ಪಾಲು ಗಾಳಿ ಪೈಪಿನ ಜಾಯಿಂಟಿನಲ್ಲೇ ಹೋಗುತ್ತಿತ್ತು. ಸೋಪಿನ ನೀರು ಸವರಿದರೆ ಗುಳ್ಳೆ ಎದ್ದ ಜಾಗವೆಲ್ಲ ಸೋರಿಕೆ. ಸಾಲದ್ದಕ್ಕೆ ಒತ್ತಡವನ್ನು ಬೇಕಾದ್ದಕ್ಕಿಂತ ಒಂದು ಬಾರ್ ಮೇಲಿಟ್ಟಿದ್ದರು. ಇಂಥ ಒಂದು ಬಾರ್ ಶೇ. 6ರಿಂದ 7ರಷ್ಟು ಕರೆಂಟು ತಿನ್ನುತ್ತದೆ. ಎರಡನ್ನೂ ಸರಿಮಾಡಿದರೆ 7 ಕಿಲೋವ್ಯಾಟ್.

ಮೂರು ನಾಲ್ಕು ಸಲ ರಿವೈಂಡ್ ಆದ ನಾಲ್ಕು ಹಳೆಯ ಮೋಟಾರುಗಳಿಂದ 5, ಭತ್ತ ಮುಗಿದ ಮೇಲೂ ಖಾಲಿ ತಿರುಗುವ ಎಲಿವೇಟರ್ ಮತ್ತು ಶೆಲ್ಲರಿಗೆ ತಾನಾಗಿ ನಿಲ್ಲಿಸುವ ಇಂಟರ್‌ಲಾಕ್ ಹಾಕಿದರೆ 4, ಸಡಿಲ ಬೆಲ್ಟು ಬದಲಿಸಿದರೆ 2. ಒಟ್ಟು 28 ಕಿಲೋವ್ಯಾಟ್. ಟನ್ನಿಗೆ 40 ಇದ್ದದ್ದು 33 ಯೂನಿಟ್ಟಿಗೆ ಇಳಿಯುತ್ತದೆ. ವರ್ಷಕ್ಕೆ 67,200 ಯೂನಿಟ್, 4.7 ಲಕ್ಷ ರೂಪಾಯಿ.

ಇದಲ್ಲದೆ ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ, 80 ಕೆವಿಎಆರ್‌ನ (ಕೆಲಸ ಮಾಡದೆ ಬರೀ ಹೋಗಿಬರುವ ಕರೆಂಟಿನ ಅಳತೆ ಇದು) ಎಪಿಎಫ್‌ಸಿ ಪ್ಯಾನೆಲ್ ಇಟ್ಟು ಪವರ್ ಫ್ಯಾಕ್ಟರ್ 0.98ಕ್ಕೆ ತಂದರೆ, ಹೊಸ ಲೋಡು 135 ಕೆವಿಎಗೆ ಬಂದು ನಿಲ್ಲುತ್ತದೆ. ಒಪ್ಪಂದವನ್ನು 150 ಕೆವಿಎಗೆ ಇಳಿಸಬಹುದು. ಕೆವಿಎಗೆ ತಿಂಗಳಿಗೆ 340 ರೂಪಾಯಿ ಎಂದು ಹಿಡಿದರೆ 50 ಕೆವಿಎಗೆ ವರ್ಷಕ್ಕೆ 2.04 ಲಕ್ಷ. ಇದರ ವಿಶೇಷವೇನೆಂದರೆ ಮಿಲ್ಲು ಓಡಲಿ, ಬಿಡಲಿ, ಈ ಉಳಿತಾಯ ಉಳಿತಾಯವೇ. ಹಾಗೆಂದು ಅವಸರದಲ್ಲಿ ಒಪ್ಪಂದ ಇಳಿಸಬಾರದು. ಇಳಿಸಿದ ಮೇಲೆ ಮಿತಿ ಮೀರಿದರೆ ಮೀರಿದಷ್ಟಕ್ಕೆ ಎರಡರಷ್ಟು ದರ ಬೀಳುತ್ತದೆ. ಸುಗ್ಗಿಯ ಒಂದು ಪೂರ್ತಿ ತಿಂಗಳ ದಾಖಲೆ ನೋಡಿ ಅರ್ಜಿ ಹಾಕುವುದು ಲೇಸು.

16 ಲಕ್ಷದ ಹಂಚಿಕೆ ಹೀಗಿತ್ತು: ವಿಎಫ್‌ಡಿ ಎರಡಕ್ಕೆ 2.5, ಮೋಟಾರು ನಾಲ್ಕಕ್ಕೆ 5.5, ಎಪಿಎಫ್‌ಸಿಗೆ 1.8, ಗಾಳಿಯ ಪೈಪು ಮತ್ತು ಡ್ರೈಯರಿಗೆ 2.7, ಇಂಟರ್‌ಲಾಕ್ ಮತ್ತು ಉಪಮೀಟರುಗಳಿಗೆ 2, ಪರಿಶೋಧನೆ ಮತ್ತು ಜೋಡಣೆಗೆ 1.5 ಲಕ್ಷ. ಅಸಲು ಬರಲು ಅತಿ ಹೆಚ್ಚು ಕಾಲ ಬೇಕಾದದ್ದು ಮೋಟಾರಿಗೆ, ಆರೂವರೆ ವರ್ಷ. ಬ್ಲೋವರಿನ ವಿಎಫ್‌ಡಿಗೆ ಒಂದೂವರೆ ವರ್ಷ ಸಾಕು. ಆದರೆ ಬ್ಯಾಂಕಿನವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೋಟಾರೇ. ಅದಕ್ಕೆ ಹೆಸರುಪಟ್ಟಿ ಇದೆ, ಸೀರಿಯಲ್ ನಂಬರ್ ಇದೆ, ಇನ್‌ವಾಯ್ಸ್ ಇದೆ. ಮುಚ್ಚಿದ ತೂತಿಗೆ ಯಾವ ನಂಬರ್?

ಹಣ ಎಲ್ಲಿಂದ ಬರುತ್ತದೆ

ಸೌರ ಚಾವಣಿಗೆ ದಾರಿ ಅಗಲ. 2016ರಲ್ಲಿ ವಿಶ್ವ ಬ್ಯಾಂಕ್ ಸ್ಟೇಟ್ ಬ್ಯಾಂಕಿಗೆ 62.5 ಕೋಟಿ ಡಾಲರಿನ ಕಾರ್ಯಕ್ರಮ ಕೊಟ್ಟಿತು. ಅದರಲ್ಲಿ 50 ಕೋಟಿ ತನ್ನದೇ ಸಾಲ, ಉಳಿದದ್ದು ಕ್ಲೀನ್ ಟೆಕ್ನಾಲಜಿ ಫಂಡಿನ ಅಗ್ಗದ ಸಾಲ ಮತ್ತು ಅನುದಾನ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಇದೇ ಕೆಲಸಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ 50 ಕೋಟಿ ಡಾಲರ್ ಕೊಟ್ಟಿತು. 2018ರಲ್ಲಿ ಗ್ರೀನ್ ಕ್ಲೈಮೇಟ್ ಫಂಡ್ ನಬಾರ್ಡ್ ಮೂಲಕ 10 ಕೋಟಿ ಡಾಲರನ್ನು ಚಾವಣಿ ಸೌರಕ್ಕೆ ತೆರೆಯಿತು. 1987ರಿಂದ ಇರುವ, ನವೀಕರಿಸಬಹುದಾದ ಇಂಧನಕ್ಕೆ ಸಾಲ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಐಆರ್‌ಇಡಿಎ, ಜರ್ಮನಿಯ ಕೆಎಫ್‌ಡಬ್ಲ್ಯೂ, ಫ್ರಾನ್ಸಿನ ಎಎಫ್‌ಡಿ, ಜಪಾನಿನ ಜೈಕಾ ಮೊದಲಾದ ಸರ್ಕಾರಿ ಅಭಿವೃದ್ಧಿ ಸಂಸ್ಥೆಗಳಿಂದ ಸಾಲ ತಂದು ಇಲ್ಲಿ ಹಂಚುತ್ತದೆ.

ಉಳಿತಾಯಕ್ಕೂ ದಾರಿ ಇಲ್ಲವೆಂದಲ್ಲ, ಇಕ್ಕಟ್ಟು, ಅಷ್ಟೇ. ಜೈಕಾ 2008ರಿಂದ ಮೂರು ಕಂತುಗಳಲ್ಲಿ, ಪ್ರತಿಸಲ 3,000 ಕೋಟಿ ಯೆನ್, ಸಣ್ಣ ಕೈಗಾರಿಕೆಗಳ ಇಂಧನ ಉಳಿತಾಯಕ್ಕೆಂದು, ಆ ಕೈಗಾರಿಕೆಗಳಿಗೆಂದೇ ಇರುವ ಬ್ಯಾಂಕ್ ಸಿಡ್ಬಿಗೆ ಕೊಟ್ಟಿತು. ಅಲ್ಲಿ ಒಂದು ಯಂತ್ರಪಟ್ಟಿ ಇತ್ತು: ಪಟ್ಟಿಯಲ್ಲಿರುವ ಯಂತ್ರ ಕೊಂಡರೆ ಹೆಚ್ಚು ಪ್ರಶ್ನೆ ಇಲ್ಲದೆ ಸಾಲ. ಇದು ಶಾಖೆಯವರಿಗೆ ಅನುಕೂಲ, ಮಿಲ್ಲಿಗೆ ಅರ್ಧ ಅನುಕೂಲ. ಇಂಥ ಪಟ್ಟಿಗಳಲ್ಲಿ ಯಂತ್ರ ಇರುತ್ತದೆ, ರಿಪೇರಿ ಇರುವುದಿಲ್ಲ.

ಇನ್ನೊಂದು ದಾರಿ 2015ರ ಅಪಾಯ ಹಂಚಿಕೆ ನಿಧಿ. ವಿಶ್ವ ಬ್ಯಾಂಕ್ ರೂಪಿಸಿದ ಇದರ ಒಟ್ಟು ಗಾತ್ರ 4.3 ಕೋಟಿ ಡಾಲರ್: ಜಾಗತಿಕ ಪರಿಸರ ನಿಧಿಯಿಂದ 1.8 ಕೋಟಿ, ಕ್ಲೀನ್ ಟೆಕ್ನಾಲಜಿ ಫಂಡಿನಿಂದ 2.5 ಕೋಟಿ. ನಡೆಸುವುದು ಸಿಡ್ಬಿ, ತಾಂತ್ರಿಕ ನೆರವು ಇಂಧನ ಉಳಿತಾಯದ ಸರ್ಕಾರಿ ಕಂಪನಿ ಇಇಎಸ್‌ಎಲ್‌ನದು. ಇದು ಸಾಲ ಕೊಡುವುದಿಲ್ಲ, ಸಾಲಕ್ಕೆ ಜಾಮೀನು ನಿಲ್ಲುತ್ತದೆ. ಉಳಿತಾಯದ ಕರಾರಿನ ಮೇಲೆ ಇಂಧನ ಸೇವಾ ಕಂಪನಿ, ಅಂದರೆ ಎಸ್ಕೊ, ಮಾಡುವ ಕೆಲಸಕ್ಕೆ ಬ್ಯಾಂಕ್ ಸಾಲ ಕೊಟ್ಟು ಅದು ಮುಳುಗಿದರೆ, ಗರಿಷ್ಠ ಮುಕ್ಕಾಲು ಪಾಲಿನವರೆಗೆ ಈ ನಿಧಿ ತುಂಬಿಕೊಡುತ್ತದೆ. ಪ್ರತಿಯಾಗಿ ಶುಲ್ಕ ಕಟ್ಟಬೇಕು, ಉಳಿತಾಯದ ಹಣ ಹೋಗಿಬರಲು ಪ್ರತ್ಯೇಕ ಖಾತೆ ತೆರೆಯಬೇಕು, ಅಳತೆಯ ವರದಿ ಕೊಡಬೇಕು.

ಇಂಥ ನಿಧಿಗಳು ತುಂಬುತ್ತವೆ, ಮುಗಿಯುತ್ತವೆ, ಬೇರೆ ಹೆಸರಿನಲ್ಲಿ ಮತ್ತೆ ಬರುತ್ತವೆ. ಆದ್ದರಿಂದ ಯೋಜನೆಯ ಹೆಸರಿಗಿಂತ ಅದರ ಬಗೆ ತಿಳಿದಿರುವುದು ಒಳ್ಳೆಯದು: ಇದು ಸಾಲವೋ, ಜಾಮೀನೋ, ಬಡ್ಡಿಯ ನೆರವೋ? 2025ರ ಜುಲೈನಲ್ಲಿ ಕೇಂದ್ರದ ಇಂಧನ ದಕ್ಷತೆಯ ಸಂಸ್ಥೆ ಬಿಇಇ ತಂದ ಅಡೀಟಿ ಯೋಜನೆ ಮೂರನೆಯ ಬಗೆ. ಅದು ಕೇಂದ್ರ ಸರ್ಕಾರದ್ದೇ ಹಣ. ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಬಡ್ಡಿಯಲ್ಲಿ ಶೇ. 5, ಮಧ್ಯಮ ಘಟಕಗಳಿಗೆ ಶೇ. 3 ನೆರವು.

ಬಡ್ಡಿ ಎಲ್ಲಿ ಕರಗಿತು

"ಫಾರಿನ್ ದುಡ್ಡು ಎರಡು ಪರ್ಸೆಂಟಿಗೆ ಸಿಕ್ತದಂತಲ್ಲ ಸಾ" ಎಂಬುದು ಎಲ್ಲ ಮಿಲ್ಲಿನವರ ಮೊದಲ ಮಾತು. ಅಲ್ಲಿ ಸಿಗುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಸಿಗುವುದಿಲ್ಲ. ಉದಾಹರಣೆಗೆ ಹೀಗೆ ಹಿಡಿಯಿರಿ: ಮೂಲ ಸಾಲ ಶೇ. 2.5. ವಾಪಸು ಕಟ್ಟುವುದು ಡಾಲರು, ಯೂರೊ ಅಥವಾ ಯೆನ್ನಿನಲ್ಲಿ, ದುಡಿಮೆ ರೂಪಾಯಿಯಲ್ಲಿ; ರೂಪಾಯಿ ಕುಸಿದರೆ ಆಗುವ ನಷ್ಟಕ್ಕೆ ಮುಂಗಡ ರಕ್ಷಣೆ ಕೊಳ್ಳಬೇಕು, ಅದಕ್ಕೆ 3.5. ಸರ್ಕಾರದ ಜಾಮೀನಿನ ಶುಲ್ಕ ಮತ್ತು ಮಧ್ಯದ ಸಂಸ್ಥೆಯ ಖರ್ಚು 1. ಸಾಲ ಮುಳುಗುವ ಅಪಾಯ ಮತ್ತು ಶಾಖೆಯ ಖರ್ಚು 2.5. ಕೂಡಿದರೆ 9.5. ಮಾಮೂಲಿ ಸಾಲ 11 ಎಂದುಕೊಂಡರೆ ವ್ಯತ್ಯಾಸ ಒಂದೂವರೆ. 12 ಲಕ್ಷದ ಸಾಲಕ್ಕೆ ಮೊದಲ ವರ್ಷ 18,000 ರೂಪಾಯಿ.

ಮುಂಗಡ ರಕ್ಷಣೆಯನ್ನು ದಂಡದ ಖರ್ಚೆಂದು ಬಗೆಯುವುದು ಬೇಡ. 2010ರ ಸುಮಾರಿಗೆ 45-46 ರೂಪಾಯಿ ಇದ್ದ ಡಾಲರು 2024ರಲ್ಲಿ 83-84. ಆ ಏರಿಕೆಯನ್ನು ಯಾರಾದರೂ ಹೊರಲೇಬೇಕು. ಮಿಲ್ಲಿನವರು ರೂಪಾಯಿಯಲ್ಲೇ ಸಾಲ ಪಡೆದು ಆ ಗೊಡವೆಯಿಂದ ಹೊರಗುಳಿಯುವುದು ಕ್ಷೇಮ.

ಅಡಮಾನದ ತೊಡಕು

18,000 ರೂಪಾಯಿಗಿಂತ ದೊಡ್ಡದು ಈ ತೊಡಕು. ಮಿಲ್ಲಿನ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ. ಅರ್ಧ ಜಾಗಕ್ಕೆ ಭೂಪರಿವರ್ತನೆಯ ಆದೇಶವಿದೆ, ಭತ್ತ ಒಣಗಿಸುವ ಕಣ ಪಹಣಿಯಲ್ಲಿ ಈಗಲೂ ಗದ್ದೆ. ಅಡಮಾನಕ್ಕೆ ಚಿಕ್ಕಪ್ಪಂದಿರು, ಮದುವೆಯಾಗಿ ಹೋದ ಅತ್ತೆಯರು ಎಲ್ಲರೂ ಸಹಿ ಹಾಕಬೇಕು. ಭತ್ತ ಕೊಳ್ಳುವ ದುಡಿಮೆ ಬಂಡವಾಳಕ್ಕೆ ಸಿಗಬಹುದಾದ ಆಸ್ತಿಯನ್ನೆಲ್ಲ ಆಗಲೇ ಬರೆದುಕೊಟ್ಟಾಗಿದೆ.

ಸೌರ ಫಲಕಕ್ಕೆ ಈ ತೊಡಕು ಕಡಿಮೆ. ಫಲಕವನ್ನೇ ಬ್ಯಾಂಕಿಗೆ ಒತ್ತೆ ಬರೆಯಬಹುದು. ಕಂತು ನಿಂತರೆ ಬಿಚ್ಚಿ ಮಾರಬಹುದು ಎಂಬ ಧೈರ್ಯ ಮ್ಯಾನೇಜರಿಗೆ. ವಿಎಫ್‌ಡಿ, ಪೈಪು, ಇಂಟರ್‌ಲಾಕ್ ಬಿಚ್ಚಿದರೆ ಗುಜರಿ. ಉಳಿತಾಯವೆಂದರೆ ಬಾರದೆ ಹೋದ ಬಿಲ್ಲು, ಬಾರದೆ ಹೋದದ್ದನ್ನು ಜಪ್ತಿ ಮಾಡುವುದು ಹೇಗೆ? ಜಾಮೀನು ನಿಧಿ ಇರುವುದು ಇದಕ್ಕೇ. ಈ ಮಿಲ್ಲು ಕೆಲಸವನ್ನು ಒಂದು ಎಸ್ಕೊಗೆ ವಹಿಸಿತು: 16 ಲಕ್ಷದಲ್ಲಿ 4 ಲಕ್ಷ ಮಿಲ್ಲಿನದು, 12 ಲಕ್ಷ ಸಾಲ, ಅದರ ಬಹುಪಾಲಿಗೆ ಜಾಮೀನು. ಚಿಕ್ಕಪ್ಪಂದಿರ ಸಹಿ ಬೇಕಾಗಲಿಲ್ಲ. ಎಸ್ಕೊ ಇಲ್ಲದೆ ನೇರ ಸಾಲ ಪಡೆಯುವವರಿಗೆ ಸಣ್ಣ ಉದ್ಯಮಗಳ ಸಾಲಕ್ಕೆಂದು 2000ದಿಂದ ಇರುವ ಸಿಜಿಟಿಎಂಎಸ್‌ಇ ಜಾಮೀನೂ ಇದೇ ಕೆಲಸ ಮಾಡುತ್ತದೆ. ಇದಕ್ಕೆ ಉದ್ಯಮ್ ನೋಂದಣಿ ಬೇಕು.

ಹಣ ಗಟ್ಟಿ ಗಿರಾಕಿಯನ್ನೇ ಹುಡುಕುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಒಂದು ಹಳೆಯ ನಿದರ್ಶನವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೊರಟದ್ದು ಪಕ್ಕದ ಮಳವಳ್ಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್‌ಲೆಂಡಿನವು. ಮೈಸೂರು ಸಂಸ್ಥಾನ ಅಷ್ಟು ಹಣ ಹಾಕುವ ಧೈರ್ಯ ಮಾಡಿದ್ದು ಕೊಳ್ಳುವ ಗಣಿ ಕಂಪನಿಗಳು ಗಟ್ಟಿಯಾಗಿದ್ದವು ಎಂಬ ಕಾರಣಕ್ಕೆ. ಅದೇ ಮಳವಳ್ಳಿ ಬಳಿಯ 4.5 ಮೆಗಾವ್ಯಾಟ್ ಬೆಳೆತ್ಯಾಜ್ಯದ ಘಟಕ ಇಂಗಾಲ ತಗ್ಗಿಸಿದ್ದಕ್ಕೆ ಮಾರಬಹುದಾದ ಪತ್ರ ಕೊಡುವ ಕ್ಯೋಟೊ ಒಪ್ಪಂದದ ಸಿಡಿಎಂ ವ್ಯವಸ್ಥೆಯಲ್ಲಿ ನೋಂದಾಯಿತವಾಗಿತ್ತು. ಆ ವ್ಯವಸ್ಥೆಯ ಇಂಗಾಲದ ಪತ್ರದ ಬೆಲೆ 2012ರಲ್ಲಿ ಟನ್ನಿಗೆ ಒಂದು ಯೂರೊಗಿಂತ ಕೆಳಗೆ ಬಿತ್ತು. ಅದರಿಂದ ಈ ಮಿಲ್ಲಿನ ಲೆಕ್ಕದಲ್ಲಿ ಇಂಗಾಲದ ಆದಾಯ ಎಂಬ ಸಾಲನ್ನೇ ಬರೆದಿಲ್ಲ. ಬಂದರೆ ಬರಲಿ, ಅದನ್ನು ನೆಚ್ಚಿ ಕಂತು ಕಟ್ಟುವುದು ಬೇಡ.

ಬಿಲ್ಲು ಇಳಿಯಲಿಲ್ಲ

ಕೆಲಸ ಮುಗಿದ ಮೊದಲೆರಡು ತಿಂಗಳು ಟನ್ನಿಗೆ 33 ಬಂತು. ಮೂರನೇ ತಿಂಗಳು 38. ಎಸ್ಕೊ ಕೊಟ್ಟ ಮಾತು 33, ಕರಾರಿನ ಪ್ರಕಾರ ಕೊರತೆ ತುಂಬಿಕೊಡಬೇಕಾದವರು ಅವರು. ಯಜಮಾನರ ಪ್ರಶ್ನೆಯೂ ಸಹಜವೇ: "ಬಿಲ್ಲು ಮೊದಲಿನಷ್ಟೇ ಬಂದದೆ. ಉಳೀತು ಉಳೀತು ಅಂತೀರಲ್ಲ, ಎಲ್ಲಿ ಉಳೀತು ತೋರಿಸಿ."

ಉಪಮೀಟರ್ ಪುಸ್ತಕ ತೆರೆದಾಗ ಗೊತ್ತಾಯಿತು. ಬೆಂಗಳೂರಿನ ಖರೀದಿದಾರರೊಬ್ಬರು ಹೊಳಪಿನ ಅಕ್ಕಿ ಕೇಳಿದ್ದರು. ನಿಲ್ಲಿಸಿಟ್ಟಿದ್ದ ಸಿಲ್ಕಿ ಪಾಲಿಶರ್ ಮತ್ತೆ ಓಡಿತ್ತು, ಸಾರ್ಟೆಕ್ಸಿನಲ್ಲಿ ಅಕ್ಕಿ ಎರಡು ಸಲ ಹಾಯುತ್ತಿತ್ತು. ಇವೆರಡೇ ಟನ್ನಿಗೆ 5 ಯೂನಿಟ್. ಉಳಿದ ಯಂತ್ರಗಳು ಮೊದಲಿನ 33ರಲ್ಲೇ ಇದ್ದವು. ಬಿಲ್ಲು ಮಾತ್ರ ನೋಡಿದ್ದರೆ ಉಳಿತಾಯದ ಮುಕ್ಕಾಲು ಪಾಲು ಮಾಯವಾಗಿತ್ತು. ಯಂತ್ರವಾರು ನೋಡಿದರೆ ಪೂರ್ತಿ ಅಲ್ಲೇ ಇತ್ತು.

ಉಳಿತಾಯ ಅಳೆಯುವ ಅಂತರರಾಷ್ಟ್ರೀಯ ಪದ್ಧತಿ, ಐಪಿಎಂವಿಪಿ, ನಾಲ್ಕು ದಾರಿ ಕೊಡುತ್ತದೆ. ಅದರಲ್ಲಿ ಇಡೀ ಕಟ್ಟಡದ ಬಿಲ್ಲು ಹಿಡಿದು ಹೋಲಿಸುವುದು ಅಗ್ಗ. ಬದಲಾಯಿಸಿದ ಭಾಗಕ್ಕೆ ಬೇರೆ ಮೀಟರ್ ಹಾಕಿ ಸತತ ಅಳೆಯುವುದು ದುಬಾರಿ. ರೈಸ್‌ಮಿಲ್ಲಿಗೆ ಅಗ್ಗದ ದಾರಿ ಆಗಿಬರುವುದಿಲ್ಲ, ಏಕೆಂದರೆ ಇಲ್ಲಿ ಸರಕೇ ದಿನಕ್ಕೊಂದು ತರ. ಭತ್ತದ ತೇವಾಂಶ 14 ಇದ್ದ ದಿನ ಒಂದು ಲೆಕ್ಕ, ಸುಗ್ಗಿಯ ಹಸಿ ಭತ್ತ ಬಂದ ದಿನ ಇನ್ನೊಂದು. ತಳಿ, ಪಾಲಿಶ್ ಮಟ್ಟ, ನುಚ್ಚಿನ ಪ್ರಮಾಣ ಎಲ್ಲವೂ ಯೂನಿಟ್ಟನ್ನು ಅತ್ತಿತ್ತ ಮಾಡುತ್ತವೆ.

ಕೊನೆಗೆ ಕರಾರಿಗೆ ಒಂದು ಪುಟ ಸೇರಿತು. ಆರು ಉಪಮೀಟರು: ಕ್ಲೀನರ್ ಮತ್ತು ಶೆಲ್ಲರ್, ಪಾಲಿಶರ್, ಸಿಲ್ಕಿ, ಸಾರ್ಟೆಕ್ಸ್ ಮತ್ತು ಕಂಪ್ರೆಸರ್, ಬ್ಲೋವರ್, ಎಲಿವೇಟರ್. ಪಾಳಿ ಮುಗಿದಾಗ ಆರೂ ಮೀಟರಿನ ಅಂಕಿ, ತೂಕದ ಯಂತ್ರದ ಟನ್ನು, ತೇವಾಂಶ ಮಾಪಕದ ಅಂಕಿ, ಅಂದು ಓಡಿದ ಯಂತ್ರಗಳು: ಇಷ್ಟನ್ನು ಮೇಸ್ತ್ರಿ ಬರೆಯಬೇಕು. ಸಿಲ್ಕಿ ಓಡಿದ ದಿನದ ಮೂಲ ಅಂಕಿ ಬೇರೆ, ಓಡದ ದಿನದ್ದು ಬೇರೆ. ಈ ಪುಟ ಮೊದಲೇ ಇದ್ದಿದ್ದರೆ ಮೂರು ತಿಂಗಳ ಜಗಳ ಇರುತ್ತಿರಲಿಲ್ಲ. ಮೂಲ ಅಳತೆಯನ್ನು ಬರೀ ಏಳು ದಿನಕ್ಕೆ, ಅದೂ ಸಿಲ್ಕಿ ನಿಂತಿದ್ದ ವಾರದಲ್ಲಿ, ಮುಗಿಸಿದ್ದೇ ಮೂಲ ತಪ್ಪು.

ಇನ್ನೊಂದು ಸಣ್ಣ ಸೋರಿಕೆ: ಬಿಚ್ಚಿದ ಹಳೆಯ ಮೋಟಾರು ಏನಾಯಿತು? ಸ್ಟ್ಯಾಂಡ್‌ಬೈ ಎಂದು ಮೂಲೆಯಲ್ಲಿಟ್ಟರೆ ಹೊಸದು ಕೈಕೊಟ್ಟ ದಿನ ಅದೇ ಮತ್ತೆ ಏರುತ್ತದೆ, ಮಾರಿದರೆ ಪಕ್ಕದ ಮಿಲ್ಲಿನಲ್ಲಿ ತಿರುಗುತ್ತದೆ. ಗುಜರಿಗೆ ಹಾಕಿದ ರಸೀದಿಯನ್ನು ಕರಾರಿನಲ್ಲೇ ಕೇಳುವುದು ಒಳ್ಳೆಯದು.

ಚಾವಣಿಯ ಮೇಲೆ

ಸೌರದ ಅರ್ಜಿ ಸಲೀಸಾಗಿ ದಾಟಿತು ಎಂದದ್ದು ಬ್ಯಾಂಕಿನ ಮಟ್ಟಿಗೆ. ಜಾಗದಲ್ಲಿ ಮೊದಲು ತಡೆದದ್ದು ಶೀಟು. ಮಿಲ್ಲಿನ ಹಳೆಯ ಭಾಗಕ್ಕೆ ಕಲ್ನಾರಿನ ಶೀಟಿದೆ. ಅದರ ಮೇಲೆ ಫಲಕ ಕೂರಿಸುವಂತಿಲ್ಲ, ಕಾಲಿಟ್ಟರೆ ಒಡೆಯುತ್ತದೆ. ಜೊತೆಗೆ ವಿಶ್ವ ಬ್ಯಾಂಕಿನ ಹಣವೆಂದರೆ ಪರಿಸರ ಮತ್ತು ಸುರಕ್ಷತೆಯ ಷರತ್ತು ಜೊತೆಗೇ ಬರುತ್ತದೆ. ಕಲ್ನಾರನ್ನು ಒಡೆದು ಕೆರೆಯ ಏರಿ ಪಕ್ಕ ಸುರಿಯುವಂತಿಲ್ಲ. ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಕಳಿಸಬೇಕು. ಹೊಸ ಲೋಹದ ಶೀಟಿನ ಖರ್ಚು ಮೂಲ ಅಂದಾಜಿನಲ್ಲಿ ಇರಲೇ ಇಲ್ಲ. 100 ಕಿಲೋವ್ಯಾಟಿಗೆ ಸುಮಾರು 10,000 ಚದರಡಿ ಬೇಕು; ಅರ್ಜಿ ಹಾಕುವ ಮುನ್ನ ಯಾವ ಚದರಡಿ ಯಾವ ಶೀಟಿನದು ಎಂದು ನೋಡಿಕೊಳ್ಳಬೇಕು.

ಎರಡನೆಯದು ದಂಡ. ಸೌರ ಶುರುವಾದ ಮೊದಲ ಬಿಲ್ಲಿನಲ್ಲೇ, ಎಂದೋ ಬಿಟ್ಟುಹೋಗಿದ್ದ ಪವರ್ ಫ್ಯಾಕ್ಟರ್ ದಂಡ ಮತ್ತೆ ಹಾಜರ್. ಯಂತ್ರ ಕೆಟ್ಟಿರಲಿಲ್ಲ. ಮಧ್ಯಾಹ್ನದ ಲೆಕ್ಕ ನೋಡಿ: ಲೋಡು 130 ಕಿಲೋವ್ಯಾಟ್. ಎಪಿಎಫ್‌ಸಿಗೆ 0.98ರ ಬದಲು 0.95 ಗುರಿ ಕೊಟ್ಟಿದ್ದರು, ಅದಕ್ಕೆ ಕರೆಂಟು ಅಳೆದು ತಿಳಿಸುವ ಸಿಟಿ ಲೋಡಿನ ಕಡೆ ಇತ್ತು. ಅದು ತನ್ನ ಕೆಲಸ ಮಾಡಿ 43 ಕೆವಿಎಆರ್ ಉಳಿಸಿ ಸುಮ್ಮನಾಗುತ್ತಿತ್ತು. ಸೌರ ಕೊಡುವುದು ಬರೀ ಕಿಲೋವ್ಯಾಟು. 80 ಕಿಲೋವ್ಯಾಟ್ ಸೌರದಿಂದ ಬಂದಾಗ ಸೆಸ್ಕ್ ಮೀಟರಿಗೆ ಕಾಣುವುದು 50 ಕಿಲೋವ್ಯಾಟ್ ಮತ್ತು ಅದೇ 43 ಕೆವಿಎಆರ್. ಪವರ್ ಫ್ಯಾಕ್ಟರ್ 0.76. ಸಿಟಿಯನ್ನು ಬಿಚ್ಚಿ ಮುಖ್ಯ ಇನ್‌ಕಮರಿನ ಕಡೆ, ಸೌರ ಸೇರುವ ಜಾಗಕ್ಕಿಂತ ಗ್ರಿಡ್‌ನತ್ತ, ಹಾಕಿ ಗುರಿಯನ್ನು 0.98ಕ್ಕೆ ಏರಿಸಿದ ಮೇಲೆ ಪ್ಯಾನೆಲಿನ 80 ಕೆವಿಎಆರ್ ಪೂರ್ತಿ ಒಳಬಂದು ಉಳಿದದ್ದು 11. ಪವರ್ ಫ್ಯಾಕ್ಟರ್ 0.98. ಅರ್ಧ ದಿನದ ಕೆಲಸ.

ಮೂರನೆಯದು ಜನರೇಟರ್. ಕರೆಂಟು ಹೋದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ಲೈನ್‌ಮನ್ ಜೀವದ ಸಲುವಾಗಿ ಅದು ನಿಲ್ಲಲೇಬೇಕು. ಆದರೆ ಜನರೇಟರ್ ಶುರುವಾದೊಡನೆ ಅದನ್ನೇ ಗ್ರಿಡ್ ಎಂದು ತಿಳಿದು ಮತ್ತೆ ಏಳುತ್ತದೆ. ಆಗ ಲೋಡು ಕಡಿಮೆಯಿದ್ದರೆ ಸೌರದ ಕರೆಂಟು ಜನರೇಟರಿಗೇ ನುಗ್ಗುತ್ತದೆ. ಸೌರವನ್ನು ತಗ್ಗಿಸಿ ಜನರೇಟರಿನ ಮೇಲೆ ಕನಿಷ್ಠ ಶೇ. 30ರಷ್ಟು ಲೋಡು ಉಳಿಸುವ ನಿಯಂತ್ರಕ ಹಾಕಬೇಕು. ಕರೆಂಟು ಹಿಂದಕ್ಕೆ ನುಗ್ಗಿದರೆ ಕಡಿದುಹಾಕುವ ರಿವರ್ಸ್ ಪವರ್ ರಿಲೇಯೂ ಇರಲಿ.

ಧೂಳಿನ ಮಾತು ಹೇಳಲೇಬೇಕು. ತೌಡಿನ ಪುಡಿಯಲ್ಲಿ ಎಣ್ಣೆಯಂಶವಿದೆ. ಇಬ್ಬನಿ ಬಿದ್ದ ಬೆಳಿಗ್ಗೆ ಅದು ಫಲಕದ ಮೇಲೆ ಅಂಟಾಗುತ್ತದೆ. ಸುತ್ತಮುತ್ತ ಆಲೆಮನೆ ಉರಿಯುವ ಕಾಲದಲ್ಲಿ ಬೂದಿಯೂ ಸೇರುತ್ತದೆ. ಬರೀ ನೀರು ಚೆಲ್ಲಿದರೆ ಹೋಗದು, ಮೆತ್ತನೆ ಬ್ರಷ್ ಬೇಕು. ಗಡಸು ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹತ್ತು ದಿನಕ್ಕೊಮ್ಮೆ, ಬಿಸಿಲೇರುವ ಮುನ್ನ, ಸಿಹಿನೀರಿನಲ್ಲಿ ತೊಳೆಯುವುದು ಎಂದು ನಿಗದಿಯಾಯಿತು. ಬ್ಲೋವರಿನ ಹೊರಕೊಳವೆಯನ್ನು ಫಲಕದ ಕಡೆಯಿಂದ ತಿರುಗಿಸಿದ್ದು ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಕಟ್ಟೆ ತುಂಬದ ವರ್ಷ

ಈಗ ಕಂತು. ಉಳಿತಾಯದ ಸಾಲ 12 ಲಕ್ಷ, 5 ವರ್ಷ, ಶೇ. 9.5: ವರ್ಷಕ್ಕೆ 3.02 ಲಕ್ಷ. ಸೌರದ ಸಾಲ 36 ಲಕ್ಷ, 7 ವರ್ಷ, ಅದೇ ಬಡ್ಡಿ: ವರ್ಷಕ್ಕೆ 7.06 ಲಕ್ಷ.

ಒಳ್ಳೆಯ ವರ್ಷ ಸೌರದಿಂದ ಸುಮಾರು 1.4 ಲಕ್ಷ ಯೂನಿಟ್. ಮಿಲ್ಲು ಓಡುವ 240 ದಿನದ 92,000 ಯೂನಿಟ್ ಒಳಗೇ ಖರ್ಚು, 7 ರೂಪಾಯಿಯಂತೆ 6.44 ಲಕ್ಷ. ಉಳಿದ 48,000 ಗ್ರಿಡ್ಡಿಗೆ, 3 ರೂಪಾಯಿ ಹಿಡಿದರೆ 1.44 ಲಕ್ಷ. ಒಟ್ಟು 7.9 ಲಕ್ಷ. ಕಂತು ದಾಟುತ್ತದೆ, ಕೂದಲೆಳೆಯಲ್ಲಿ. ಉಳಿತಾಯದ ಕಡೆ 6.7 ಲಕ್ಷ ಬಂದು 3 ಲಕ್ಷ ಹೋಗುತ್ತದೆ.

2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಲಿಲ್ಲ; ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಬೇಸಿಗೆ ಭತ್ತದ ಮಾತೇ ಇರಲಿಲ್ಲ. ಅಂಥ ವರ್ಷ ಮಿಲ್ಲು 130 ದಿನ ಓಡಿತೆನ್ನಿ. ಸೌರದ 50,000 ಯೂನಿಟ್ ಒಳಗೆ, 90,000 ಹೊರಗೆ: 3.5 ಮತ್ತು 2.7, ಒಟ್ಟು 6.2 ಲಕ್ಷ. ಕಂತಿಗೆ 86,000 ಕಡಿಮೆ. ಬಿಸಿಲು ಹೆಚ್ಚಿದ್ದ ವರ್ಷವೇ ಸೌರದ ಸಾಲ ಎಡವುತ್ತದೆ, ಏಕೆಂದರೆ ಕರೆಂಟು ಬಳಸಲು ಮಿಲ್ಲಿನಲ್ಲಿ ಭತ್ತ ಇಲ್ಲ. ಅದೇ ವರ್ಷ ಉಳಿತಾಯದ ಕಡೆ ಯೂನಿಟ್ಟಿನಿಂದ 2.55 ಲಕ್ಷ, ಬೇಡಿಕೆ ಶುಲ್ಕದಿಂದ ಎಂದಿನಂತೆ 2.04 ಲಕ್ಷ, ಸೇರಿ ಸುಮಾರು 4.6 ಲಕ್ಷ, ಕಂತು ಕಳೆದು ಒಂದೂವರೆ ಲಕ್ಷ ಮಿಕ್ಕಿತು. ಸೌರದ ಕೊರತೆ ತುಂಬಿದ್ದು ಆ ಮಿಗತೆ.

ಸೌರದ ಬಡ್ಡಿಯನ್ನು ಇನ್ನೂ ಒಂದೂವರೆ ಇಳಿಸಿ ಶೇ. 8 ಮಾಡಿದರೂ ವರ್ಷದ ಕಂತು 6.73 ಲಕ್ಷ, ಬರದ ವರ್ಷ ದಾಟುವುದಿಲ್ಲ. ಬಡ್ಡಿ 9.5ರಲ್ಲೇ ಇಟ್ಟು ಅವಧಿಯನ್ನು 10 ವರ್ಷಕ್ಕೆ ಎಳೆದರೆ ಕಂತು 5.59 ಲಕ್ಷ, ದಾಟುತ್ತದೆ. ಒಟ್ಟು ಬಡ್ಡಿ ಹೆಚ್ಚು ಕಟ್ಟಬೇಕು, ನಿಜ. ಆದರೆ ಫಲಕದ ಬಾಳಿಕೆ 25 ವರ್ಷ, ಹೊರದೇಶದ ಮೂಲ ಸಾಲ ಸಿಡ್ಬಿಯಂಥ ಸಂಸ್ಥೆಗಳಿಗೆ ಬರುವುದೂ ದೀರ್ಘ ಅವಧಿಗೆ. ಆ ಉದ್ದವನ್ನು ಮಧ್ಯದವರು ತಾವೇ ಇಟ್ಟುಕೊಂಡು ಮಿಲ್ಲಿಗೆ 5 ಅಥವಾ 7 ವರ್ಷ ಕೊಟ್ಟರೆ, ಬಡ್ಡಿಯ ರಿಯಾಯಿತಿ ಬ್ಯಾನರಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಶಾಖೆಯಲ್ಲಿ ಚೌಕಾಸಿ ಮಾಡಬೇಕಾದದ್ದು ಅವಧಿಯ ಮೇಲೆ.

ಚೌಕಾಸಿಯ ಇನ್ನೊಂದು ತಲೆ, ಕಂತಿನ ಕಾಲ. ಭತ್ತದ ದುಡ್ಡು ತಿಂಗಳು ತಿಂಗಳು ಸಮನಾಗಿ ಬರುವುದಿಲ್ಲ. ಡಿಸೆಂಬರ್, ಜನವರಿಯ ಸುಗ್ಗಿಯಲ್ಲಿ ಭತ್ತ ಕೊಳ್ಳಲು ಹಣ ಹೋಗುತ್ತದೆ, ಫೆಬ್ರುವರಿಯಿಂದ ಅಕ್ಕಿ ಮಾರಿ ವಾಪಸು ಬರುತ್ತದೆ. ಪರಿಷ್ಕೃತ ಕರಾರಿನಲ್ಲಿ ಸೌರದ ಅವಧಿ 10 ವರ್ಷವಾಯಿತು. ಎರಡೂ ಸಾಲದ ಅಸಲನ್ನು ಫೆಬ್ರುವರಿಯಿಂದ ಜುಲೈವರೆಗಿನ ಆರು ತಿಂಗಳಲ್ಲೇ ಕಟ್ಟುವುದು, ಆಗಸ್ಟ್‌ನಿಂದ ಜನವರಿವರೆಗೆ ಬರೀ ಬಡ್ಡಿ ಎಂದಾಯಿತು. ಜೊತೆಗೆ ಎಸ್ಕೊ ಒಂದು ಷರತ್ತು ಸೇರಿಸಿತು: ವರ್ಷಕ್ಕೆ 6,000 ಟನ್ನಿಗಿಂತ ಕಡಿಮೆ ಭತ್ತ ಅರೆದರೆ, ಖಾತರಿ ರೂಪಾಯಿಯ ಲೆಕ್ಕದಲ್ಲಲ್ಲ, ಟನ್ನಿಗೆ ಯೂನಿಟ್ಟಿನ ಲೆಕ್ಕದಲ್ಲಿ. ಯಜಮಾನರು ಅದನ್ನು ಎರಡು ಸಲ ಓದಿಸಿ, ತೂಕದ ಯಂತ್ರದ ಚೀಟಿ ಯಾರ ಬಳಿ ಇರಬೇಕೆಂದು ಕೇಳಿ, ಆಮೇಲೆ ಸಹಿ ಹಾಕಿದರು.